ಒಳಗೆ ಬಿಟ್ಟ ಬಟ್ಟೆ

ಬೋಳಾರದಲ್ಲಿ ಹಂಚಿನ ಕಾರ್ಖಾನೆಯ ಮುರಿದ ಚಿಮಣಿ ಕಾಣುವಲ್ಲಿ
ನನ್ನ ಹೊಲಿಗೆ ಮಿಷನ್ನು. ಕಂಪೌಂಡಿಗೆ ಐದು ಮನೆ, ಒಂದು ಬಾವಿ.
ಸುಗಂಧಿ ಮೂರನೆಯ ಮನೆಯವಳು.
"ಬಾಯಮ್ಮ, ಎರಡೂ ಬದಿ ಸ್ವಲ್ಪ ಹಿಡಿಯಿರಿ, ಸಡಿಲ ಆಗ್ತದೆ"
ಎಂದು ರವಿಕೆ ತಂದಾಗ, ಡಯಟ್ಟಾ ಮಾರಾಯ್ತಿ ಎಂದು ನಕ್ಕಿದ್ದೆ.
ಆ ಮಾತನ್ನು ಈಗಲೂ ಬಿಚ್ಚಲು ನೋಡುತ್ತೇನೆ,
ತಪ್ಪು ಹೊಲಿಗೆ ಬಿಚ್ಚಿದ ಹಾಗೆ.

ಕರುಳಿನದ್ದು ಎಂದರು. ಆಮೇಲೆ ಲಿವರ್.
ಉಮಾನಾಥ ಸಿಟಿ ಬಸ್ಸಿನ ಕಂಡಕ್ಟರ್,
ಇಡೀ ದಿನ ಬಾಗಿಲಲ್ಲಿ ನೇತುಕೊಂಡು ಊರ ಹೆಸರೆಲ್ಲ ಕೂಗುವವನು
ಈ ಒಂದು ಹೆಸರು ಮಾತ್ರ ಹೇಳಲಿಲ್ಲ.
"ಅವಳಿಗೆ ಆ ಸೌಖ್ಯ ಇಲ್ಲದ್ದು" ಎನ್ನುತ್ತಿದ್ದ.

ಡ್ರಿಪ್ ಹಾಕಿಸಿಕೊಂಡು ಅತ್ತಾವರದಿಂದ ಬಂದರೆ ನಾಲ್ಕು ದಿನ
ಮೀನು ಹುರಿಯುವ ವಾಸನೆ ಅವಳಿಗೆ ಆಗುತ್ತಿರಲಿಲ್ಲ.
ಯಾರೂ ಯಾರಿಗೂ ಹೇಳಲಿಲ್ಲ.
ಝುಲೇಖಾಳ ಮನೆಯಲ್ಲಿ ಪುಂಡಿಗೆ ಬರೀ ಚಟ್ನಿ.
ಬಂಗುಡೆ ಇಲ್ಲದೆ ಅನ್ನ ಮುಟ್ಟದ ಮೋನಪ್ಪಣ್ಣ
ಹೋಟೆಲಿನಲ್ಲಿ ತಿಂದು, ಬಾಯಿ ತೊಳೆದು, ಸುತ್ತು ದಾರಿಯಲ್ಲಿ ಬಂದ.
ಬೆಕ್ಕುಗಳು ಸಿಟ್ಟಾಗಿ ಪಕ್ಕದ ಕಂಪೌಂಡಿಗೆ ಹೋದವು.

ನಮಗೆ ಗೊತ್ತಿದ್ದದ್ದು ಗಂಜಿ. ಸೋಮವಾರ ಯಾರು, ಗುರುವಾರ ಯಾರು.
ಸಣ್ಣವ ಮೋಕ್ಷಿತ್ ಮಿಷನ್ನಿನ ಕೆಳಗೆ ಗುಂಡಿ ಡಬ್ಬಿ ಚೆಲ್ಲಿ ಆಡುತ್ತಿದ್ದ.
ಧನ್ವಿಗೆ ಎಂಟು. ಅವಳು ಆಡಲಿಲ್ಲ.
ಒಂದು ಸಂಜೆ ಕೇಳಿಯೇ ಬಿಟ್ಟಳು, "ಅಮ್ಮ ಸಾಯ್ತಾರಾ?"
ನಾನು ಸೂಜಿಗೆ ನೂಲು ಹಾಕುವ ನಾಟಕ ಮಾಡಿದೆ.
ಕಣ್ಣು ಕಾಣುವುದಿಲ್ಲ ಎಂದು ತಿಳಿದು ಅವಳೇ ಹಾಕಿಕೊಟ್ಟಳು.
"ಹೌದು ಮಗಾ" ಎಂದೆ.
ತುಂಬ ಹೊತ್ತು ಸುಮ್ಮನಿದ್ದು,
"ಅಪ್ಪನಿಗೆ ಗೊತ್ತುಂಟಾ? ನಾನು ಹೇಳಬೇಕಾ?"

ಜನವರಿಯಲ್ಲಿ ಸುಗಂಧಿ ಗೋಡೆ ಹಿಡಿದು ಬಂದಳು.
ಹದಿನಾಲ್ಕು ಹೆಜ್ಜೆಗೆ ಎರಡು ಸಲ ಕೂತಳು.
ತೋಳಿನಲ್ಲಿ ಯೂನಿಫಾರ್ಮಿನ ನೀಲಿ ಬಟ್ಟೆ.
"ಬರುವ ಜೂನಿಗೆ ಒಂದು. ಅದರ ಮುಂದಿನ ಜೂನಿಗೂ ಒಂದು."
ಅಳತೆ ಎಂದೆ.
ದಾರಂದದ ಹತ್ತಿರ ಕೈ ಚಾಚಿ
ಇನ್ನೂ ಬಾರದ ಹುಡುಗಿಯ ಹೆಗಲ ಮೇಲೆ ಇಟ್ಟಳು:
"ಇಷ್ಟು ಆಗಬಹುದು. ಇವರ ಕಡೆಯವರೆಲ್ಲ ಗಿಡ್ಡ."
ನಾನು ಚಾಕಿನಲ್ಲಿ ಗೆರೆ ಎಳೆದೆ.
ದುಡ್ಡು ಕೊಟ್ಟಳು. ತೆಗೆದುಕೊಂಡೆ;
ಬೇಡ ಎಂದಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು.

ಮಾರ್ಚಿನ ಒಂದು ಬೆಳಗ್ಗೆ ಕತ್ತರಿ ಕೇಳಿದರು.
ನನ್ನದನ್ನೇ ಕೊಟ್ಟೆ.
ಐದು ಸಲ ಹಿಡಿದ ರವಿಕೆಯನ್ನು ಬೆನ್ನಿನಲ್ಲಿ ಸೀಳಿ ತೊಡಿಸಿದರು.
ಆ ಕತ್ತರಿಯಿಂದಲೇ ಈಗಲೂ ಬಟ್ಟೆ ಕತ್ತರಿಸುತ್ತೇನೆ. ಬೇರೆ ಇಲ್ಲ.

ಬೊಜ್ಜ ಕಳೆದರೂ ಕಂಪೌಂಡಿನಲ್ಲಿ ಕಾವಲಿ ಬಿಸಿಯಾಗಲಿಲ್ಲ.
ಯಾರು ಮೊದಲು?
ಕೊನೆಗೆ ಮೋಕ್ಷಿತ್ ಬಾವಿಕಟ್ಟೆಗೆ ಒರಗಿ
ಮೀನು ಬೇಕು, ಮೀನು ಬೇಕು ಎಂದು ಬೊಬ್ಬೆ ಹೊಡೆದ.
ಝುಲೇಖಾ ಎಣ್ಣೆ ಬಿಟ್ಟಳು.
ವಾಸನೆಗೆ ಉಮಾನಾಥ ಬಾಗಿಲು ಹಾಕಿಕೊಂಡ.
ಆಮೇಲೆ ತೆರೆದು, ತಟ್ಟೆ ಹಿಡಿದು, ಅಂಗಳ ದಾಟಿ ಹೋದ.

ಈ ಜೂನಿನದ್ದು ಎರಡನೆಯ ಯೂನಿಫಾರ್ಮ್.
ಧನ್ವಿ ಹಾಕಿಕೊಂಡು ಬಂದಳು: ಮೊಣಕಾಲಿನಿಂದ ಎಷ್ಟೋ ಮೇಲೆ.
ಸುಗಂಧಿಯ ಲೆಕ್ಕ ಎರಡು ಬೆರಳು ತಪ್ಪಿತ್ತು.
ಅಂಚಿನ ಒಳಗೆ ನಾನು ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದೆ,
ಅವಳ ಮಾತು ನಂಬದೆ. ಕ್ಷಮಿಸಲಿ.
ಬಿಚ್ಚಿ ಇಳಿಸಿದೆ. ಹಳೆಯ ಮಡಿಕೆಯ ಗೆರೆ
ಎಷ್ಟು ಇಸ್ತ್ರಿ ಒತ್ತಿದರೂ ಹೋಗಲಿಲ್ಲ.
"ಕಾಣ್ತದಾ ಬಾಯಮ್ಮ?"
"ಕಾಣ್ತದೆ."
"ಅಮ್ಮನಿಗೆ ಗಣಿತ ಬರ್ತಿರ್ಲಿಲ್ಲ" ಎಂದು ನಕ್ಕು
ತಮ್ಮನನ್ನು ಎಳೆದುಕೊಂಡು ಓಡಿದಳು.

ತಿರುವಿನಲ್ಲಿ, ಸ್ಟಾಪಿಲ್ಲದ ಕಡೆ,
ಬಸ್ಸೊಂದು ದಿನಾ ಎಂಟೂಕಾಲಿಗೆ ಒಂದು ನಿಮಿಷ ನಿಲ್ಲುತ್ತದೆ.
ಒಳಗಿದ್ದ ಯಾರೂ ಏನೂ ಕೇಳುವುದಿಲ್ಲ.